ವಯಸ್ಸಾದ ಕುದುರೆಯ ಗೊರಸು ನೋವಿಗೆ ಪೂರಕ ಆಹಾರ ಮದ್ದಾಗಬಲ್ಲದೇ?

'ಕುದುರೆ ಕಂಡರೆ ಕಾಲುನೋವು' ಎನ್ನುವ ಗಾದೆ ನಮಗೆಲ್ಲ ಗೊತ್ತು. ಸವಾರಿ ಸಿಗಬಹುದು ಎಂದಾಕ್ಷಣ ಇಲ್ಲದ ನೋವು ಕಾಣಿಸಿಕೊಳ್ಳುವ ಮನುಷ್ಯರ ಕುರಿತ ಮಾತು ಅದು. ಆದರೆ ಕಾಲುನೋವು ಬಂದಿರುವುದು ಕುದುರೆಗೇ ಆದರೆ?

ಹದಿನೆಂಟು ವರ್ಷದ ಒಂದು ಕುದುರೆಯನ್ನು ಊಹಿಸಿಕೊಳ್ಳಿ. ಒಂದು ಕಾಲದಲ್ಲಿ ರೇಸಿನಲ್ಲಿ ಓಡಿ, ಆಮೇಲೆ ಬೆಂಗಳೂರಿನ ಹೊರವಲಯದ ಸವಾರಿ ಶಾಲೆಯೊಂದರಲ್ಲಿ ಮಕ್ಕಳನ್ನು ಹೊತ್ತು ತಿರುಗಿದ ಕುದುರೆ ಅದು. ಮೆತ್ತನೆಯ ಮಣ್ಣಿನ ಮೇಲೆ ಚೆನ್ನಾಗಿಯೇ ನಡೆಯುತ್ತದೆ. ಜಲ್ಲಿಕಲ್ಲಿನ ದಾರಿ ಬಂದರೆ ಮಾತ್ರ ಬರಿಗಾಲಲ್ಲಿ ಮುಳ್ಳು ತುಳಿದವರಂತೆ ಅಳೆದು ಸುರಿದು ಹೆಜ್ಜೆ ಇಡುತ್ತದೆ. ಲಾಳ ಕಟ್ಟುವವರು "ಗೊರಸು ಸೂಕ್ಷ್ಮವಾಗಿದೆ" ಎನ್ನುತ್ತಾರೆ. ಪರಿಚಯದವರೊಬ್ಬರು "ಬಯೋಟಿನ್ ಕೊಡಿ" ಎಂದರೆ ಇನ್ನೊಬ್ಬರು "ಮೆಗ್ನೀಸಿಯಂ ಕೊಡಿ" ಎನ್ನುತ್ತಾರೆ. ಲಾಯದಲ್ಲಿ ಕೆಲಸ ಮಾಡುವ ಹಿರಿಯರು ಮೊಟ್ಟೆ, ಬೆಲ್ಲ, ಹುರುಳಿಯ ಹೆಸರು ಹೇಳುತ್ತಾರೆ. ಆನ್‌ಲೈನ್ ಅಂಗಡಿ ತೆರೆದರೆ ಗೊರಸಿಗೆಂದೇ ಹತ್ತಾರು ಡಬ್ಬಿಗಳು.

ಇವುಗಳಲ್ಲಿ ಯಾವುದನ್ನು ನಂಬುವುದು? ಪೂರಕಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ? ಮಾಡಿದರೂ ಯಾವ ತೊಂದರೆಗೆ, ಎಷ್ಟು ಕಾಲದಲ್ಲಿ?

ಗೊರಸು ಎಂದರೆ ಬರೀ ಉಗುರಲ್ಲ

ಕುದುರೆ ನಿಂತಿರುವುದು ತನ್ನ ಬೆರಳ ತುದಿಯ ಮೇಲೆ. ಪ್ರತಿ ಕಾಲಿಗೂ ಒಂದೇ ಬೆರಳು. ಅದನ್ನು ಸುತ್ತುವರಿದಿರುವ ಗಟ್ಟಿ ಕವಚವೇ ಗೊರಸು. ಹೊರಗೆ ಕಾಣುವ ಗೋಡೆ ನಮ್ಮ ಉಗುರು ಮತ್ತು ಕೂದಲಿನ ಹಾಗೆಯೇ ಕೆರಾಟಿನ್ ಎಂಬ ಪ್ರೊಟೀನಿನಿಂದ ಆದದ್ದು. ಅದರಲ್ಲಿ ಜೀವವಿಲ್ಲ, ನೋವೂ ಇಲ್ಲ. ಲಾಳ ಕಟ್ಟುವಾಗ ಮೊಳೆ ಹೊಡೆದರೂ ಕುದುರೆ ಸುಮ್ಮನಿರುವುದು ಇದೇ ಕಾರಣಕ್ಕೆ.

ಆದರೆ ಗೋಡೆಯ ಒಳಬದಿಯ ಕತೆ ಬೇರೆ. ಅಲ್ಲಿ ಪುಸ್ತಕದ ಹಾಳೆಗಳಂತೆ ಜೋಡಿಸಿಟ್ಟ ತೆಳುವಾದ ಪದರಗಳಿವೆ. ಗೊರಸಿನ ಕಡೆಯಿಂದ ಬಂದ ಪದರಗಳೂ ಒಳಗಿನ ಮೂಳೆಯ ಕಡೆಯಿಂದ ಬಂದ ಪದರಗಳೂ ಎರಡು ಕೈಗಳ ಬೆರಳು ಹೆಣೆದಂತೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಒಂದು ಗೊರಸಿನಲ್ಲಿ ಇಂತಹ ಮುಖ್ಯ ಪದರಗಳು ಸುಮಾರು 550ರಿಂದ 600. ಪ್ರತಿಯೊಂದರ ಮೇಲೂ ನೂರಕ್ಕೂ ಹೆಚ್ಚು ಉಪಪದರಗಳು. ಇವುಗಳನ್ನು ಲ್ಯಾಮಿನೆ ಎನ್ನುತ್ತಾರೆ. ನಾಲ್ಕೈದು ನೂರು ಕಿಲೋ ತೂಕದ ಪ್ರಾಣಿಯ ಮೂಳೆಗಳು ಗೊರಸಿನೊಳಗೆ ತೂಗಿಕೊಂಡಿರುವುದು ಈ ಹೆಣಿಗೆಯ ಬಲದಿಂದ. ಇಲ್ಲಿ ರಕ್ತನಾಳಗಳೂ ಇವೆ, ನರಗಳೂ ಇವೆ. ಹಾಗಾಗಿ ಇಲ್ಲಿ ಊತ ಬಂದರೆ ನೋವು ಭಯಂಕರ. ಗಟ್ಟಿ ಕವಚದೊಳಗೆ ಊದಿಕೊಳ್ಳಲು ಜಾಗವೇ ಇರುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ ಬೆಳವಣಿಗೆಯ ವೇಗ. ಗೊರಸಿನ ಗೋಡೆ ಮೇಲಿನ ಅಂಚಿನಿಂದ, ಅಂದರೆ ಕೂದಲು ಮುಗಿಯುವ ಜಾಗದಿಂದ, ಕೆಳಗೆ ಬೆಳೆಯುತ್ತದೆ. ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಮಾತ್ರ. ಮುಂಭಾಗದ ಗೋಡೆ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ಇಂದು ಕೊಟ್ಟ ಪೋಷಕಾಂಶದಿಂದ ಹುಟ್ಟಿದ ಗೊರಸು ನೆಲ ಮುಟ್ಟುವುದು ಬರುವ ವರ್ಷ! ಈ ಒಂದು ಲೆಕ್ಕ ನೆನಪಿದ್ದರೆ 'ಹದಿನೈದು ದಿನದಲ್ಲಿ ಗಟ್ಟಿ ಗೊರಸು' ಎನ್ನುವ ಜಾಹೀರಾತನ್ನು ಅಳೆಯಲು ಬೇರೆ ಅಳತೆಗೋಲು ಬೇಕಿಲ್ಲ.

ಸೂಕ್ಷ್ಮ ಗೊರಸು ಎನ್ನುವುದು ಲಕ್ಷಣ, ಕಾಯಿಲೆಯ ಹೆಸರಲ್ಲ

ನಮಗೆ ಜ್ವರ ಬಂದರೆ ಅದಕ್ಕೆ ಹಲವು ಕಾರಣಗಳಿರುತ್ತವೆ ತಾನೇ? ಕುದುರೆ ಕಲ್ಲಿನ ಮೇಲೆ ನಡೆಯಲು ಹಿಂಜರಿಯುವುದೂ ಹಾಗೆಯೇ.

ಅಂಗಾಲು ತೆಳುವಾಗಿರಬಹುದು. ಸುಮಾರು 15 ಮಿ.ಮೀ. ದಪ್ಪದ ಅಂಗಾಲು ಕಲ್ಲಿನ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಅದಕ್ಕಿಂತ ತುಂಬಾ ತೆಳುವಾದರೆ ಪ್ರತಿ ಜಲ್ಲಿಯೂ ಚುಚ್ಚುತ್ತದೆ. ಥರೋಬ್ರೆಡ್ ತಳಿಯ ಕುದುರೆಗಳಲ್ಲಿ ತೆಳು ಅಂಗಾಲು ಸಾಮಾನ್ಯ. ಗೊರಸು ಕತ್ತರಿಸುವಾಗ ಅಂಗಾಲನ್ನು ಹೆಚ್ಚಾಗಿ ಕೆತ್ತಿದರೂ ಇದೇ ಪರಿಣಾಮ.

ಮಳೆಗಾಲದಲ್ಲಿ ಲಾಯದ ನೆಲ ಸದಾ ತೇವವಾಗಿದ್ದರೆ ಅಂಗಾಲು ನೀರು ಹೀರಿ ಮೆದುವಾಗುತ್ತದೆ. ಅಡಿಯಲ್ಲಿರುವ ಮೆತ್ತನೆಯ ತ್ರಿಕೋನ ಭಾಗದಲ್ಲಿ ಸೋಂಕು ಸೇರಿ ಕೊಳೆತ ವಾಸನೆ ಬರುತ್ತದೆ. ಸಣ್ಣ ಕಲ್ಲು ಅಥವಾ ಮೊಳೆಯಿಂದಾದ ಗಾಯ ಒಳಗೇ ಕೀವು ಕಟ್ಟಿರಬಹುದು. ಕೀಲಿನ ಸವೆತ ಇರಬಹುದು. ಇವೆಲ್ಲವುಗಳಿಗಿಂತ ಗಂಭೀರವಾದದ್ದು ಲ್ಯಾಮಿನೈಟಿಸ್, ಅಂದರೆ ಮೇಲೆ ಹೇಳಿದ ಆ ಹೆಣಿಗೆಗೇ ಹಾನಿಯಾಗುವ ಕಾಯಿಲೆ. ಅದು ಮುಂದುವರಿದರೆ ಮೂಳೆ ಗೋಡೆಯಿಂದ ಬಿಡಿಸಿಕೊಂಡು ಕೆಳಗೆ ವಾಲುತ್ತದೆ, ಅಂಗಾಲನ್ನು ಒಳಗಿನಿಂದಲೇ ಒತ್ತುತ್ತದೆ.

ಈ ಪಟ್ಟಿಯಲ್ಲಿ ಡಬ್ಬಿಯಲ್ಲಿರುವ ಪುಡಿಯಿಂದ ಸರಿಹೋಗುವ ಕಾರಣ ಎಷ್ಟಿವೆ ಎಂದು ನೋಡಿ. ಒದ್ದೆ ನೆಲಕ್ಕೆ ಮದ್ದು ಒಣ ನೆಲ. ಕೀವಿಗೆ ಮದ್ದು ಅದನ್ನು ಹೊರಹಾಕುವುದು. ತಪ್ಪು ಕತ್ತರಿಕೆಗೆ ಮದ್ದು ಸರಿಯಾದ ಕತ್ತರಿಕೆ. ಪೂರಕದ ಪ್ರಶ್ನೆ ಬರುವುದು ಇವೆಲ್ಲ ಆದಮೇಲೆ.

ವಯಸ್ಸು ತರುವ ತೊಂದರೆಗಳು

ಚೆನ್ನಾಗಿ ನೋಡಿಕೊಂಡ ಕುದುರೆ 25-30 ವರ್ಷ ಬದುಕಬಲ್ಲದು. ಹದಿನೈದು ದಾಟಿದ ಮೇಲೆ ಎರಡು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಹಲ್ಲು. ಕುದುರೆಯ ಹಲ್ಲು ಜೀವನವಿಡೀ ಸವೆಯುತ್ತಾ, ಒಸಡಿನಿಂದ ಮೇಲೇರುತ್ತಾ ಇರುತ್ತದೆ. ವಯಸ್ಸಾದಂತೆ ಅದು ಮುಗಿಯುತ್ತಾ ಬಂದು, ಒಣಹುಲ್ಲನ್ನು ಸರಿಯಾಗಿ ಅಗಿಯಲಾಗದೆ ಉಂಡೆಮಾಡಿ ಉಗುಳುವುದು ಶುರುವಾಗುತ್ತದೆ. ತಿಂದದ್ದು ಮೈಗೆ ಹತ್ತದಿದ್ದರೆ ಗೊರಸಿಗೂ ಪೋಷಣೆ ಸಿಗುವುದಿಲ್ಲ. ಇಂತಹ ಕುದುರೆಗೆ ಬೇಕಾಗಿರುವುದು ಹಲ್ಲಿನ ತಪಾಸಣೆ ಮತ್ತು ನೆನೆಸಿ ಮೆದುಮಾಡಿದ ಮೇವು.

ಎರಡನೆಯದು ಹಾರ್ಮೋನು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಒಂದು ಭಾಗ ವಯಸ್ಸಾದ ಕುದುರೆಗಳಲ್ಲಿ ಹತೋಟಿ ತಪ್ಪಿ ಅತಿಯಾಗಿ ಕೆಲಸ ಮಾಡಲು ತೊಡಗುತ್ತದೆ. ಇದನ್ನು ಸಾಮಾನ್ಯವಾಗಿ ಕುದುರೆಗಳ ಕುಶಿಂಗ್ ಕಾಯಿಲೆ ಎನ್ನುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 15 ವರ್ಷ ದಾಟಿದ ಕುದುರೆಗಳನ್ನು ಪರೀಕ್ಷಿಸಿದಾಗ ಸರಿಸುಮಾರು ಐದರಲ್ಲಿ ಒಂದಕ್ಕೆ ಈ ತೊಂದರೆ ಇತ್ತು. ಉದುರದೆ ಉದ್ದವಾಗುವ ಕೂದಲು, ಬೆನ್ನಿನ ಸ್ನಾಯು ಕರಗಿ ಹೊಟ್ಟೆ ಜೋತುಬೀಳುವುದು, ಹೆಚ್ಚು ನೀರು ಕುಡಿಯುವುದು, ಪದೇ ಪದೇ ಸೋಂಕು, ಮಂಕು ಇದರ ಚಿಹ್ನೆಗಳು. "ವಯಸ್ಸಾಯಿತಲ್ಲ, ಹಾಗೇ" ಎಂದು ಸುಲಭವಾಗಿ ಕಡೆಗಣಿಸಬಹುದಾದ ಚಿಹ್ನೆಗಳು ಇವು.

ಇದಕ್ಕೂ ಗೊರಸಿಗೂ ಏನು ಸಂಬಂಧ? ನಡುವಿನ ಕೊಂಡಿ ಇನ್ಸುಲಿನ್. ಕುಶಿಂಗ್ ಇರುವ ಹಲವು ಕುದುರೆಗಳಲ್ಲಿ, ಹಾಗೆಯೇ ಬೊಜ್ಜು ಬಂದ ಕುದುರೆಗಳಲ್ಲಿ, ಸಕ್ಕರೆ ಅಥವಾ ಪಿಷ್ಟ ತಿಂದೊಡನೆ ರಕ್ತದಲ್ಲಿ ಇನ್ಸುಲಿನ್ ವಿಪರೀತ ಏರುತ್ತದೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಾಗಿದ್ದ ಪೋನಿಗಳ ರಕ್ತದಲ್ಲಿ ಇನ್ಸುಲಿನ್ ಮಟ್ಟವನ್ನು ಸತತವಾಗಿ ಏರಿಸಿಟ್ಟರು. ಸಕ್ಕರೆ ಮಟ್ಟ ಸಾಮಾನ್ಯವಾಗಿಯೇ ಇತ್ತು. ಆದರೂ 72 ಗಂಟೆಗಳೊಳಗೆ ಅಷ್ಟೂ ಪೋನಿಗಳಿಗೆ ಲ್ಯಾಮಿನೈಟಿಸ್ ಬಂತು. ಹೆಚ್ಚಿದ ಇನ್ಸುಲಿನ್ ತಾನೇ ಗೊರಸಿನ ಹೆಣಿಗೆಯನ್ನು ಸಡಿಲಿಸಬಲ್ಲದು ಎಂದು ಇದರಿಂದ ಗೊತ್ತಾಯಿತು. ಫಿನ್ಲೆಂಡಿನ ಆಸ್ಪತ್ರೆಯೊಂದಕ್ಕೆ ಲ್ಯಾಮಿನೈಟಿಸ್ ಎಂದು ಬಂದ ಕುದುರೆಗಳನ್ನು ಪರೀಕ್ಷಿಸಿದಾಗಲೂ ಹತ್ತರಲ್ಲಿ ಸುಮಾರು ಒಂಬತ್ತಕ್ಕೆ ಹಾರ್ಮೋನಿನ ತೊಂದರೆ ಕಂಡುಬಂದಿತ್ತು.

ಲ್ಯಾಮಿನೈಟಿಸ್ ಯಾವಾಗಲೂ ಕುದುರೆ ನೆಲಕ್ಕೆ ಬೀಳುವಂತೆ ಬರುವುದಿಲ್ಲ. ಎಷ್ಟೋ ಸಲ ಅದರ ಮೊದಲ ಸುಳಿವೇ 'ಕಲ್ಲಿನ ಮೇಲೆ ಸ್ವಲ್ಪ ಸೂಕ್ಷ್ಮ' ಎನ್ನುವಂತಹ ನಡಿಗೆ. ಈ ಸ್ಥಿತಿಯಲ್ಲಿರುವ ಕುದುರೆಗೆ ಒಂದು ವರ್ಷ ಬಯೋಟಿನ್ ಕೊಟ್ಟು ಕಾಯುವುದೆಂದರೆ, ಹಾನಿ ಬೆಳೆಯಲು ಒಂದು ವರ್ಷ ಬಿಟ್ಟುಕೊಟ್ಟಂತೆ.

ಬಯೋಟಿನ್ ಬಗ್ಗೆ ಪುರಾವೆ ಏನು ಹೇಳುತ್ತದೆ?

ಗೊರಸಿನ ಪೂರಕಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಬಯೋಟಿನ್. ಇದು ಬಿ ಗುಂಪಿನ ವಿಟಮಿನ್. ಹಸಿರು ಮೇವಿನಲ್ಲಿ ಇರುತ್ತದೆ, ಜೊತೆಗೆ ಕುದುರೆಯ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೂ ತಯಾರಿಸುತ್ತವೆ. ಹಾಗಾಗಿ ನಿಜವಾದ ಕೊರತೆ ಅಪರೂಪ.

ಆದರೂ ಹೆಚ್ಚುವರಿಯಾಗಿ ಕೊಟ್ಟರೆ ಉಪಯೋಗವಾಗಬಹುದೇ? ಇದನ್ನು ಲಿಪಿಜಾನರ್ ಎಂಬ ಬಿಳಿ ಕುದುರೆಗಳ ಮೇಲೆ ಪರೀಕ್ಷಿಸಿ ನೋಡಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಕೆಲವು ಕುದುರೆಗಳಿಗೆ ದಿನಕ್ಕೆ 20 ಮಿ.ಗ್ರಾಂ. ಬಯೋಟಿನ್, ಉಳಿದವಕ್ಕೆ ಅದರಂತೆಯೇ ಕಾಣುವ, ಆದರೆ ಬಯೋಟಿನ್ ಇಲ್ಲದ ಪುಡಿ. ಫಲಿತಾಂಶ ಬಯೋಟಿನ್ ಪರವಾಗಿಯೇ ಇತ್ತು. ಬಿರುಕು, ಪುಡಿಪುಡಿಯಾಗಿ ಉದುರುವ ಅಂಚು ಕಡಿಮೆಯಾಗಿ ಗೊರಸಿನ ಗುಣಮಟ್ಟ ಸುಧಾರಿಸಿತ್ತು. ಆದರೆ ಇದು ಕಣ್ಣಿಗೆ ಕಾಣಲು ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಗೊರಸು ಬೆಳೆಯುವ ವೇಗವಂತೂ ಹೆಚ್ಚಲಿಲ್ಲ. ಜ್ಯೂರಿಕ್‌ನಲ್ಲಿ ನಡೆದ ಇನ್ನೊಂದು ದೀರ್ಘ ಅಧ್ಯಯನದಲ್ಲಿ, ಬಯೋಟಿನ್ ನಿಲ್ಲಿಸಿದ ಮೇಲೆ ಹಲವು ಕುದುರೆಗಳ ಗೊರಸು ಮತ್ತೆ ಕೆಟ್ಟಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಯೋಟಿನ್ ಸುಧಾರಿಸಿದ್ದು ಗೋಡೆಯ ಗುಣಮಟ್ಟವನ್ನು. ನಮ್ಮ ಕುದುರೆಯ ದೂರು ಅಂಗಾಲಿನ ನೋವು. ಗೋಡೆ ಒಡೆಯುವುದು ಬೇರೆ, ಅಂಗಾಲು ನೋಯುವುದು ಬೇರೆ. ಗೋಡೆ ಒಡೆದು ಲಾಳದ ಮೊಳೆ ನಿಲ್ಲದೆ, ಲಾಳ ಕಳಚಿಕೊಂಡು ಕಾಲು ನೋಯುತ್ತಿದ್ದರೆ ಬಯೋಟಿನ್ ಪ್ರಯತ್ನಿಸುವುದರಲ್ಲಿ ಅರ್ಥವಿದೆ. ಗೋಡೆ ಗಟ್ಟಿಯಾಗಿದ್ದು ಅಂಗಾಲು ಮಾತ್ರ ಸೂಕ್ಷ್ಮವಾಗಿದ್ದರೆ ಅದೇ ಡಬ್ಬಿಯಿಂದ ಅದೇ ಫಲ ನಿರೀಕ್ಷಿಸಲಾಗದು.

ಸಮಾಧಾನದ ಸಂಗತಿಯೆಂದರೆ ಬಯೋಟಿನ್ ನೀರಿನಲ್ಲಿ ಕರಗುವ ವಿಟಮಿನ್. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಈ ಪ್ರಮಾಣದಲ್ಲಿ ಕುದುರೆಗಳಿಗೆ ಅಪಾಯ ಕಂಡುಬಂದಿಲ್ಲ. ನಷ್ಟ ಏನಿದ್ದರೂ ಜೇಬಿಗೆ ಮತ್ತು ಸಮಯಕ್ಕೆ.

ಸತು, ತಾಮ್ರ ಮತ್ತು ಪ್ರೊಟೀನು

ಕೆರಾಟಿನ್ ಗಟ್ಟಿಯಾಗಿರುವುದು ಗಂಧಕದ ಬಂಧಗಳಿಂದ. ಅವುಗಳನ್ನು ಕಟ್ಟಲು ಗಂಧಕವಿರುವ ಅಮೈನೋ ಆಮ್ಲಗಳು ಬೇಕು, ಮುಖ್ಯವಾಗಿ ಮೆಥಿಯೋನಿನ್. ಕೆರಾಟಿನ್ ತಯಾರಿಸುವ ಕೋಶಗಳಿಗೆ ಸತು ಬೇಕು, ಬಂಧಗಳನ್ನು ಬೆಸೆಯುವ ಕಿಣ್ವಕ್ಕೆ ತಾಮ್ರ ಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2007ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯ ಪ್ರಕಾರ, ಕೆಲಸವಿಲ್ಲದೆ ಆರಾಮವಾಗಿರುವ 500 ಕಿಲೋ ಕುದುರೆಗೆ ದಿನಕ್ಕೆ ಸುಮಾರು 400 ಮಿ.ಗ್ರಾಂ. ಸತು, 100 ಮಿ.ಗ್ರಾಂ. ತಾಮ್ರ ಸಾಕು.

ಬರೀ ಒಣಹುಲ್ಲು ತಿನ್ನುವ ಕುದುರೆಗೆ ಇವೆರಡೂ ಕಡಿಮೆ ಬೀಳುವ ಸಾಧ್ಯತೆ ಇದೆ. ಒಣಗಿಸಿದ ಹುಲ್ಲಿನಲ್ಲಿ ವಿಟಮಿನ್ ಇ ಕೂಡ ಕಡಿಮೆ. ಹೀಗಾಗಿ, ಗೊರಸಿನ ಹೆಸರು ಹೇಳಿ ಮಾರುವ ವಿಶೇಷ ಡಬ್ಬಿಗಿಂತ, ಮೇವಿನಲ್ಲಿ ಇಲ್ಲದ್ದನ್ನು ತುಂಬುವ, ಕುದುರೆಗಳಿಗಾಗಿಯೇ ತಯಾರಾದ ಸಮತೋಲಿತ ಖನಿಜ ಮಿಶ್ರಣ ಹೆಚ್ಚು ಉಪಯುಕ್ತ. ಸಾಧ್ಯವಿದ್ದರೆ ಮೇವಿನ ಪರೀಕ್ಷೆ ಮಾಡಿಸಿ ಕೊರತೆ ಏನೆಂದು ತಿಳಿದುಕೊಳ್ಳುವುದು ಇನ್ನೂ ಒಳ್ಳೆಯದು. ಕೊರತೆ ಇದ್ದಲ್ಲಿ ಪೂರಕ ಕೆಲಸ ಮಾಡುತ್ತದೆ. ಕೊರತೆ ಇಲ್ಲದ ಕಡೆ ಮತ್ತಷ್ಟು ಸುರಿದರೆ ಗೊರಸು ಮತ್ತಷ್ಟು ಗಟ್ಟಿಯಾಗುವುದಿಲ್ಲ.

ನಂಬಿಕೆ ದೊಡ್ಡದು, ಪುರಾವೆ ಚಿಕ್ಕದು

*ಜೆಲಟಿನ್:* 'ಗೊರಸಿನಿಂದ ಜೆಲಟಿನ್ ತೆಗೆಯುತ್ತಾರೆ, ಹಾಗಾಗಿ ಜೆಲಟಿನ್ ತಿಂದರೆ ಗೊರಸು ಬೆಳೆಯುತ್ತದೆ' ಎಂಬುದು ಹಳೆಯ ನಂಬಿಕೆ. ಜೆಲಟಿನ್ ಬರುವುದು ಚರ್ಮ ಮತ್ತು ಮೂಳೆಯ ಕೊಲಾಜೆನ್‌ನಿಂದ. ಗೊರಸಿನ ಗೋಡೆ ಕೆರಾಟಿನ್. ಕೆರಾಟಿನ್‌ಗೆ ಬೇಕಾದ ಗಂಧಕದ ಅಮೈನೋ ಆಮ್ಲಗಳು ಜೆಲಟಿನ್‌ನಲ್ಲಿ ತೀರಾ ಕಡಿಮೆ. 1977ರಲ್ಲಿ ಪೋನಿಗಳ ಮೇಲೆ ನಡೆದ ಪ್ರಯೋಗದಲ್ಲಿ ಜೆಲಟಿನ್ ಕೊಟ್ಟದ್ದರಿಂದ ಗೊರಸಿನ ಬೆಳವಣಿಗೆಗೆ ಲಾಭವಾಗಲಿಲ್ಲ. ಒಟ್ಟು ಆಹಾರ ಕಡಿಮೆ ಮಾಡಿದಾಗ ಮಾತ್ರ ಬೆಳವಣಿಗೆ ಕುಂಠಿತವಾಯಿತು. ಹೊಟ್ಟೆ ತುಂಬಾ ಒಳ್ಳೆಯ ಮೇವು ಸಿಗುವುದೇ ಮುಖ್ಯ ಎಂದಾಯಿತು.

*ಮೆಗ್ನೀಸಿಯಂ ಮತ್ತು ಕ್ರೋಮಿಯಂ:* ಇನ್ಸುಲಿನ್ ತೊಂದರೆ ಇರುವ ಕುದುರೆಗಳಿಗೆ ಇವನ್ನು ಧಾರಾಳವಾಗಿ ಶಿಫಾರಸು ಮಾಡುತ್ತಾರೆ. ಹಿಂದೆ ಲ್ಯಾಮಿನೈಟಿಸ್ ಬಂದಿದ್ದ, ಬೊಜ್ಜಿನ ಕುದುರೆಗಳಿಗೆ ಇವೆರಡೂ ಇರುವ ಪೂರಕವನ್ನು 16 ವಾರ ಕೊಟ್ಟು ನೋಡಿದ ಅಮೆರಿಕದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ತೂಕದಲ್ಲಾಗಲಿ ಇನ್ಸುಲಿನ್ ಸ್ಪಂದನೆಯಲ್ಲಾಗಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ.

*ಗಿಡಮೂಲಿಕೆ:* ಕುಶಿಂಗ್ ಕಾಯಿಲೆಗೆ ಯುರೋಪಿನ ಒಂದು ಬಗೆಯ ನೆಕ್ಕಿ ಗಿಡದ ಹಣ್ಣಿನ ಸಾರವನ್ನು ಮಾರುತ್ತಾರೆ. ಪರ್ಗೊಲೈಡ್ ಎಂಬ ಔಷಧದ ಜೊತೆ ಹೋಲಿಸಿ ನೋಡಿದಾಗ ಗೆದ್ದದ್ದು ಔಷಧವೇ. ಸಾರದಿಂದ ಕಾಯಿಲೆ ಹತೋಟಿಗೆ ಬರಲಿಲ್ಲ.

*ಹಸಿ ಮೊಟ್ಟೆ:* ಮೊಟ್ಟೆಯ ಹಳದಿಯಲ್ಲಿ ಬಯೋಟಿನ್ ಇರುವುದು ನಿಜ. ಆದರೆ ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೊಟೀನು ಬಯೋಟಿನ್ ಅನ್ನು ಬಿಗಿಯಾಗಿ ಹಿಡಿದು ದೇಹಕ್ಕೆ ಸಿಗದಂತೆ ಮಾಡುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ!

*ಮೇಲೆ ಹಚ್ಚುವ ಎಣ್ಣೆ:* ಹೊಳಪು ಬರುತ್ತದೆ. ಆದರೆ ಜೀವವಿಲ್ಲದ ಗೋಡೆಗೆ ಹೊರಗಿನಿಂದ ಪೋಷಣೆ ತಲುಪುವುದಿಲ್ಲ.

ಹೆಚ್ಚಾದರೆ ವಿಷ

'ಸಹಾಯವಾಗದಿದ್ದರೂ ತೊಂದರೆಯಂತೂ ಇಲ್ಲವಲ್ಲ' ಎನ್ನುವ ಮಾತು ಬಯೋಟಿನ್ ಮಟ್ಟಿಗೆ ಸರಿ. ಎಲ್ಲ ಪೂರಕಗಳಿಗೂ ಸರಿಯಲ್ಲ.

ಸೆಲೆನಿಯಂ ಇದಕ್ಕೆ ಅತ್ಯುತ್ತಮ ಉದಾಹರಣೆ. 500 ಕಿಲೋ ಕುದುರೆಗೆ ದಿನಕ್ಕೆ ಬೇಕಾಗಿರುವುದು ಕೇವಲ 1 ಮಿ.ಗ್ರಾಂ. ಆಸುಪಾಸು. ದೀರ್ಘಕಾಲ ಅತಿಯಾದರೆ ಕೇಸರ ಮತ್ತು ಬಾಲದ ಕೂದಲು ಉದುರುತ್ತದೆ, ಗೊರಸಿನ ಮೇಲಂಚಿನಲ್ಲಿ ಅಡ್ಡ ಬಿರುಕು ಬಿಟ್ಟು ಕೊನೆಗೆ ಗೊರಸೇ ಕಳಚಬಹುದು. ಗೊರಸು ಉಳಿಸಲು ಕೊಟ್ಟದ್ದೇ ಗೊರಸನ್ನು ಕೀಳುತ್ತದೆ. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಪಂದ್ಯವೊಂದಕ್ಕೆ ಬಂದಿದ್ದ 21 ಪೋಲೋ ಕುದುರೆಗಳು ಸತ್ತವು. ತಪ್ಪಾಗಿ ತಯಾರಿಸಿದ ಪೂರಕ ಚುಚ್ಚುಮದ್ದಿನಲ್ಲಿ ಸೆಲೆನಿಯಂ ಮಿತಿಮೀರಿದ್ದೇ ಇದಕ್ಕೆ ಕಾರಣ. ನಾಲ್ಕು ಬೇರೆ ಬೇರೆ ಪೂರಕಗಳನ್ನು ಒಟ್ಟಿಗೆ ಕೊಡುವವರು ಪ್ರತಿ ಡಬ್ಬಿಯ ಮೇಲಿನ ಸೆಲೆನಿಯಂ ಅಂಕಿಯನ್ನು ಕೂಡಿ ನೋಡಲೇಬೇಕು.

ಇನ್ನೊಂದು ಎಚ್ಚರಿಕೆ: ದನದ ಅಥವಾ ಕೋಳಿಯ ಆಹಾರವನ್ನು ಅಗ್ಗವೆಂದು ಕುದುರೆಗೆ ಹಾಕಬಾರದು. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಕೋಳಿ ತಡೆದುಕೊಳ್ಳುವುದಕ್ಕಿಂತ ಹತ್ತಾರು ಪಟ್ಟು ಕಡಿಮೆ ಪ್ರಮಾಣ ಸಾಕು, ಅದು ಕುದುರೆಯ ಹೃದಯದ ಸ್ನಾಯುವನ್ನು ಹಾಳುಮಾಡಿ ಪ್ರಾಣ ತೆಗೆಯುತ್ತದೆ.

ನಮ್ಮ ಬೆಲ್ಲ, ಹುರುಳಿ, ಬೂಸಾ

ಹುರುಳಿಗೆ ಇಂಗ್ಲಿಷಿನಲ್ಲಿ 'ಹಾರ್ಸ್ ಗ್ರಾಂ' ಎಂದೇ ಹೆಸರು. ಅಷ್ಟರಮಟ್ಟಿಗೆ ಅದು ಕುದುರೆಯ ಆಹಾರವಾಗಿ ಬೆಳೆದುಬಂದಿದೆ. ದಿನವಿಡೀ ಗಾಡಿ ಎಳೆಯುವ ಜಟಕಾ ಕುದುರೆಗೆ ಬೇಯಿಸಿದ ಹುರುಳಿ ಒಳ್ಳೆಯದೇ. ಪ್ರೊಟೀನೂ ಇದೆ, ಶಕ್ತಿಯೂ ಇದೆ. ಆದರೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಕಾರ್ಬೊಹೈಡ್ರೇಟ್. ಕೆಲಸ ನಿಲ್ಲಿಸಿ ಲಾಯದಲ್ಲಿ ನಿಂತಿರುವ, ಇನ್ಸುಲಿನ್ ತೊಂದರೆಯ ಹಿರಿಯ ಕುದುರೆಗೆ ಅದೇ ಹಳೆಯ ಪ್ರಮಾಣ ಕೊಟ್ಟರೆ ಕಷ್ಟ. ಪ್ರೀತಿಯಿಂದ ದಿನಾ ತಿನ್ನಿಸುವ ಬೆಲ್ಲದ ಉಂಡೆಯಂತೂ ನೇರ ಸಕ್ಕರೆ. 'ಶಕ್ತಿ ಬರಲಿ' ಎಂದು ಕೊಡುವ ಬೆಲ್ಲವೇ ಗೊರಸಿನ ನೋವಿಗೆ ಕಾರಣವಾಗಿರಬಹುದು. ಬೆಲ್ಲದ ಸಿಹಿಯಲ್ಲಿ ಗೊರಸಿನ ಪುಡಿ ಬೆರೆಸಿ ಕೊಡುವುದಂತೂ ಇನ್ನೂ ವಿಪರ್ಯಾಸ.

ಗೋಧಿ ಬೂಸಾದ ತೊಂದರೆ ಬೇರೆ. ಅದರಲ್ಲಿ ಕ್ಯಾಲ್ಸಿಯಂಗಿಂತ ಫಾಸ್ಫರಸ್ ಎಷ್ಟೋ ಪಟ್ಟು ಹೆಚ್ಚು. ಬೂಸಾವನ್ನೇ ಮುಖ್ಯ ಆಹಾರ ಮಾಡಿದರೆ ದೇಹ ತನ್ನ ಮೂಳೆಗಳಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮೂಳೆ ದುರ್ಬಲವಾಗಿ ಕುಂಟು ಶುರುವಾಗುತ್ತದೆ, ಮುಖದ ಮೂಳೆ ಊದಿಕೊಳ್ಳುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಇದ್ದು, ಅದೂ ಕ್ಯಾಲ್ಸಿಯಂ ಸಿಗದಂತೆ ತಡೆಯುತ್ತದೆ. ಬೂಸಾ ಮತ್ತು ನೇಪಿಯರ್ ಎರಡೂ ಸೇರಿದರೆ ತೊಂದರೆ ದುಪ್ಪಟ್ಟು. ಕ್ಯಾಲ್ಸಿಯಂ ಹೆಚ್ಚಿರುವ ಕುದುರೆ ಮಸಾಲೆ ಸೊಪ್ಪನ್ನು, ಅಂದರೆ ಲೂಸರ್ನ್ ಅನ್ನು, ಸ್ವಲ್ಪ ಸೇರಿಸಿದರೆ ಈ ಅಸಮತೋಲನ ಕಡಿಮೆಯಾಗುತ್ತದೆ.

ಹಾಗಾದರೆ ಹಿರಿಯ ಕುದುರೆಗೆ ಏನು ಕೊಡಬೇಕು? ಬುಡವೆಲ್ಲ ಒಣಹುಲ್ಲೇ. ದಿನಕ್ಕೆ ದೇಹದ ತೂಕದ ಶೇ. 1.5ರಿಂದ 2ರಷ್ಟು, ಅಂದರೆ 450 ಕಿಲೋ ಕುದುರೆಗೆ ಸುಮಾರು 7ರಿಂದ 9 ಕಿಲೋ. ಲ್ಯಾಮಿನೈಟಿಸ್ ಅನುಮಾನವಿದ್ದರೆ ಹುಲ್ಲನ್ನು ಅರ್ಧದಿಂದ ಒಂದು ಗಂಟೆ ತಣ್ಣೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ ಕೊಡುವುದರಿಂದ ಸಕ್ಕರೆಯ ಅಂಶ ಸ್ವಲ್ಪ ಇಳಿಯುತ್ತದೆ. ನೆನೆಸಿದ ಹುಲ್ಲು ನಮ್ಮ ಸೆಕೆಯಲ್ಲಿ ಬೇಗ ಹುಳಿಯುವುದರಿಂದ ಆಗಿಂದಾಗ್ಗೆ ಕೊಡಬೇಕು.

'ಕೊಟ್ಟೆ, ವಾಸಿಯಾಯಿತು' ಎಂಬ ಅನುಭವ

ಇಷ್ಟೆಲ್ಲ ಓದಿದ ಮೇಲೂ ಯಾರಾದರೂ ಹೇಳಬಹುದು: "ನಮ್ಮ ಕುದುರೆಗೆ ಆ ಪುಡಿ ಕೊಟ್ಟೆವು, ಎರಡು ತಿಂಗಳಲ್ಲಿ ಚೆನ್ನಾಗಿ ನಡೆಯಿತು." ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಎರಡು ತಿಂಗಳಲ್ಲಿ ಇನ್ನೇನು ಬದಲಾಗಿರಬಹುದು?

ಮಳೆಗಾಲ ಮುಗಿದು ನೆಲ ಒಣಗಿರಬಹುದು. ಲಾಳ ಕಟ್ಟುವವರು ಎಚ್ಚರಿಕೆಯಿಂದ ಕತ್ತರಿಸಿರಬಹುದು. ಕುದುರೆಯ ಕಡೆ ಗಮನ ಹೆಚ್ಚಿ ಕೆಲಸ ಕಡಿಮೆ ಮಾಡಿಸಿರಬಹುದು, ಬೆಲ್ಲವನ್ನೂ ನಿಲ್ಲಿಸಿರಬಹುದು. ಮೇಲಾಗಿ ಗೊರಸಿನ ನೋವು ಏರುತ್ತಾ ಇಳಿಯುತ್ತಾ ಇರುವಂಥದ್ದು. ನಾವು ಮದ್ದು ಹುಡುಕಿಕೊಂಡು ಹೋಗುವುದು ನೋವು ತಾರಕಕ್ಕೇರಿದಾಗ. ಏನೂ ಮಾಡದಿದ್ದರೂ ಅಲ್ಲಿಂದ ಅದು ಇಳಿಯುವ ಸಾಧ್ಯತೆಯೇ ಹೆಚ್ಚು. ಆ ಇಳಿಕೆಯ ಕೀರ್ತಿ ಆಗ ಕೈಯಲ್ಲಿದ್ದ ಡಬ್ಬಿಗೆ ಸೇರುತ್ತದೆ. ಲಿಪಿಜಾನರ್ ಅಧ್ಯಯನದಲ್ಲಿ ಕೆಲವು ಕುದುರೆಗಳಿಗೆ ಬಯೋಟಿನ್ ಇಲ್ಲದ ಪುಡಿ ಕೊಟ್ಟದ್ದು ಈ ಗೊಂದಲವನ್ನು ನಿವಾರಿಸಲೆಂದೇ.

ಪುಡಿ ತಿಂದದ್ದು ಕುದುರೆ, ಕುದುರೆಗೆ ಭ್ರಮೆ ಹೇಗೆ ಬರಬೇಕು ಎಂದು ಕೇಳಬಹುದು. ಭ್ರಮೆ ಬರುವುದು ನೋಡುವ ನಮಗೆ. ದುಡ್ಡು ಕೊಟ್ಟು, ದಿನಾ ಅಳೆದು ಬೆರೆಸಿ ತಿನ್ನಿಸಿದ ಮೇಲೆ ಅದರ ನಡಿಗೆ ನಮ್ಮ ಕಣ್ಣಿಗೆ ಸ್ವಲ್ಪ ಚೆನ್ನಾಗಿಯೇ ಕಾಣುತ್ತದೆ.

ಪ್ರಯತ್ನಿಸುವುದಾದರೆ ಹೀಗೆ ಮಾಡಿ

ಮೊದಲು ಪಶುವೈದ್ಯರಿಗೆ ತೋರಿಸಿ. ಗೊರಸು ಬಿಸಿಯಾಗಿದ್ದರೆ, ಗೊರಸಿನ ಮೇಲಿನ ಗಂಟಿನ ಹಿಂದೆ ನಾಡಿ ಜೋರಾಗಿ ಬಡಿಯುತ್ತಿದ್ದರೆ, ಕುದುರೆ ಮುಂಗಾಲುಗಳನ್ನು ಚಾಚಿ ಹಿಂದಕ್ಕೆ ಭಾರ ಹಾಕಿ ನಿಂತರೆ, ತಿರುಗಲು ಹಿಂಜರಿದರೆ ಅದು ತುರ್ತು, ಅಂದೇ ಕರೆಸಬೇಕು. ಇಲ್ಲದಿದ್ದರೂ ಹದಿನೈದು ದಾಟಿದ ಕುದುರೆಗೆ ಪಿಟ್ಯುಟರಿ ಮತ್ತು ಇನ್ಸುಲಿನ್‌ನ ರಕ್ತಪರೀಕ್ಷೆ, ಹಲ್ಲಿನ ತಪಾಸಣೆ, ಸಾಧ್ಯವಾದರೆ ಅಂಗಾಲಿನ ದಪ್ಪ ತಿಳಿಯಲು ಎಕ್ಸ್‌ರೇ ಮಾಡಿಸುವುದು ಒಳ್ಳೆಯದು. ಕುಶಿಂಗ್ ಇದೆಯೆಂದು ಗೊತ್ತಾದರೆ ಪರ್ಗೊಲೈಡ್ ಚಿಕಿತ್ಸೆ ಇದೆ. ನೋವು ನಿವಾರಕವನ್ನು ವೈದ್ಯರು ಹೇಳದೆ ದಿನಗಟ್ಟಲೆ ಕೊಡಬೇಡಿ. ಅದು ನೋವನ್ನು ಮರೆಮಾಚುತ್ತದೆ, ಜಠರ ಮತ್ತು ಮೂತ್ರಪಿಂಡಕ್ಕೂ ಹಾನಿ ಮಾಡಬಹುದು.

ನಂತರ ನೆಲ ಒಣಗಿರುವಂತೆ ನೋಡಿಕೊಳ್ಳಿ. ಐದಾರು ವಾರಕ್ಕೊಮ್ಮೆ ಗೊರಸು ಕತ್ತರಿಸಿ. ಸಕ್ಕರೆ, ಪಿಷ್ಟ ಕಡಿಮೆ ಮಾಡಿ. ಜಲ್ಲಿಯ ಮೇಲೆ ನಡೆಸಲೇಬೇಕಾದರೆ ಲಾಳ ಅಥವಾ ಗೊರಸಿಗೆ ಹಾಕುವ ರಬ್ಬರ್ ಬೂಟು ಬಳಸಿ. ಅದು ಕೊಡುವ ಆರಾಮ ಅಂದೇ ಸಿಗುತ್ತದೆ.

ಇಷ್ಟಾದ ಮೇಲೂ ಪೂರಕ ಕೊಡಬೇಕೆನ್ನಿಸಿದರೆ ಒಂದು ಸಲಕ್ಕೆ ಒಂದನ್ನೇ ಶುರುಮಾಡಿ. ಬಯೋಟಿನ್ ಆದರೆ ದಿನಕ್ಕೆ 15-20 ಮಿ.ಗ್ರಾಂ. ಇದೆಯೇ ಎಂದು ಡಬ್ಬಿಯ ಮೇಲೆ ಓದಿ. ಅದಕ್ಕಿಂತ ತೀರಾ ಕಡಿಮೆ ಇರುವ ಮಿಶ್ರಣಗಳು ಹೆಸರಿಗಷ್ಟೇ. ಶುರುಮಾಡಿದ ದಿನ ನಾಲ್ಕೂ ಗೊರಸಿನ ಫೋಟೋ ತೆಗೆದು, ಗೋಡೆಯ ಮೇಲಂಚಿನ ಹತ್ತಿರ ಅರದಿಂದ ಸಣ್ಣ ಗೆರೆ ಎಳೆಯಲು ಲಾಳ ಕಟ್ಟುವವರನ್ನು ಕೇಳಿ. ಆ ಗೆರೆಯಿಂದ ಮೇಲೆ ಬೆಳೆದದ್ದಷ್ಟೇ ಪೂರಕದ ಕಾಲದ ಗೊರಸು. ತಿಂಗಳಿಗೊಮ್ಮೆ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ನಡೆಸಿ ವಿಡಿಯೋ ಮಾಡಿಡಿ. ಒಂಬತ್ತು ತಿಂಗಳ ನಂತರ ಮೊದಲ ಮತ್ತು ಕೊನೆಯ ವಿಡಿಯೋವನ್ನು, ಯಾವುದು ಯಾವಾಗಿನದು ಎಂದು ಹೇಳದೆ, ಬೇರೆ ಯಾರಿಗಾದರೂ ತೋರಿಸಿ. ಅವರಿಗೂ ವ್ಯತ್ಯಾಸ ಕಂಡರೆ ಮುಂದುವರಿಸಿ. ಕಾಣದಿದ್ದರೆ ಆ ದುಡ್ಡನ್ನು ಒಳ್ಳೆಯ ಹುಲ್ಲಿಗೆ ಖರ್ಚು ಮಾಡಿ.

ನಡುವೆ ನೋವು ಹೆಚ್ಚಾದರೆ ಮಾತ್ರ ಒಂಬತ್ತು ತಿಂಗಳ ಲೆಕ್ಕ ಬಿಟ್ಟು ತಕ್ಷಣ ವೈದ್ಯರನ್ನು ಕರೆಸಬೇಕು. ಗೊರಸು ಬೆಳೆಯಲು ವರ್ಷ ಬೇಕು ನಿಜ, ಆದರೆ ಲ್ಯಾಮಿನೈಟಿಸ್ ಅದನ್ನು ಹಾಳುಮಾಡಲು ಮೂರು ದಿನ ಸಾಕು.